ಅತಿಥಿ ಬಂದರೆ ಬಿಸಿನೀರು

ನಮ್ಮ ಮನೆಯ ಗ್ಯಾಸ್ ಗೀಸರು ದೀರ್ಘಕಾಲ ಸೇವೆ ಸಲ್ಲಿಸಿ, ಕೆಲವು ತಿಂಗಳು ಅಸ್ವಸ್ಥವಾಗಿದ್ದು, ಒಂದು ಬೆಳಿಗ್ಗೆ ತಳ ಕಳಚಿ ಬಿದ್ದು ಅಸ್ತಂಗತವಾಯಿತು. ಅದರ ಅಡಿಭಾಗ ತುಕ್ಕು ಹಿಡಿದು ಹಪ್ಪಳದಂತಾದದ್ದು ಮನೆಯಲ್ಲಿ ಎಲ್ಲರಿಗೂ ತಿಳಿದಿತ್ತು. ಆದರೆ ನಮ್ಮ ಕಡೆ ಯಂತ್ರವೊಂದನ್ನು ಅದು ಪೂರ್ತಿ ಸಾಯುವ ಮೊದಲೇ ಬದಲಿಸುವುದನ್ನು ಅಷ್ಟು ಒಳ್ಳೆಯ ನಡತೆ ಎಂದು ಯಾರೂ ಹೇಳುವುದಿಲ್ಲ. ಹಗ್ಗ ಕಟ್ಟಿ, ತಂತಿ ಬಿಗಿದು, ಕೊನೆಯ ಉಸಿರಿನವರೆಗೆ ನೋಡಿಕೊಳ್ಳುತ್ತೇವೆ.

ಬೇರೆ ಕಾಲವಾಗಿದ್ದರೆ ಈ ಅಗಲಿಕೆಯನ್ನು ತಣ್ಣೀರಿನಲ್ಲಿ ಮಿಂದು ಸಹಿಸಿಕೊಳ್ಳಬಹುದಿತ್ತು. ಆದರೆ ಆ ಹೊತ್ತಿಗೆ ಸರಿಯಾಗಿ ನನ್ನ ಹೆಂಡತಿಯ ಬಲ ಹೆಗಲು ಹಿಡಿದುಕೊಂಡಿತ್ತು. ಬಿದ್ದದ್ದಲ್ಲ, ಭಾರ ಎತ್ತಿದ್ದಲ್ಲ. ಒಂದು ದಿನ ಏಳುವಾಗ ಕೈ ಎದೆಯ ಮಟ್ಟಕ್ಕಿಂತ ಮೇಲೆ ಬರಲೊಲ್ಲದು. ಪುತ್ತೂರಿನ ಮೂಳೆ ಡಾಕ್ಟರು ಆ ಕೈಯನ್ನು ಹಿಡಿದು ಅತ್ತಿತ್ತ ಮಾಡಿ, ಅವಳು ಬೊಬ್ಬೆ ಹಾಕಿದ ಪ್ರಮಾಣದಿಂದಲೇ ರೋಗ ಎಷ್ಟು ಮುಂದುವರಿದಿದೆ ಎಂದು ಅಂದಾಜಿಸಿದರು.

"ದಿನಾ ಬೆಳಿಗ್ಗೆ ಶವರಿನ ಕೆಳಗೆ ನಿಲ್ಬೇಕು. ಬಿಸಿನೀರು ಹೆಗಲ ಮೇಲೆ ಬೀಳ್ತಾ ಇರ್ಬೇಕು, ಕಾಲು ಗಂಟೆ. ಬಿಸಿ ಆರುವ ಮೊದಲೇ ಕೈ ಎತ್ತುವ ವ್ಯಾಯಾಮ. ಎರಡು ತಿಂಗಳು ಬಿಟ್ಟು ಬನ್ನಿ. ಆಗ ಕೈ ಕಿವಿಯ ಹತ್ತಿರ ಬಾರದಿದ್ರೆ, ಮತ್ತು ಬರಿಸುವ ಇಂಜೆಕ್ಷನ್ ಕೊಟ್ಟು ನಾವೇ ತಿರುಗಿಸಿ ಬಿಡಿಸ್ಬೇಕಾಗ್ತದೆ."

'ತಿರುಗಿಸಿ' ಎನ್ನುವಾಗ ಅವರು ಎರಡೂ ಕೈಗಳಿಂದ ಮಾಡಿ ತೋರಿಸಿದ ಚಲನೆಯನ್ನು ನಾನು ಅದುವರೆಗೆ ತೆಂಗಿನಕಾಯಿ ಸುಲಿಯುವಲ್ಲಿ ಮಾತ್ರ ಕಂಡಿದ್ದೆ. ನನ್ನ ಹೆಂಡತಿಯೂ ಅಲ್ಲೇ ಕಂಡಿದ್ದಿರಬೇಕು. ಬಸ್ಸು ಕುಂಬ್ರ ದಾಟುವವರೆಗೆ ಅವಳು ಮಾತಾಡಲಿಲ್ಲ. ಆಮೇಲೆ ಕಿಟಕಿಯ ಹೊರಗೆ ನೋಡುತ್ತಲೇ, "ಮತ್ತು ಕೊಟ್ಟು ಎಂತ ಮಾಡಿದ್ರೂ ನಾನು ಹೋಗುದಿಲ್ಲ. ನೀವು ಒಂದು ಸರಿಯಾದ ಗೀಸರು ತನ್ನಿ" ಎಂದಳು. ಹೀಗೆ ಒಂದು ಹೆಗಲಿನ ಸಮಸ್ತ ಭವಿಷ್ಯ ನನ್ನ ಆಯ್ಕೆಯ ಮೇಲೆ ನಿಂತಿತು. ಜೀವನದಲ್ಲಿ ಟಾರ್ಚು ಆರಿಸುವಾಗಲೂ ತಪ್ಪು ಟಾರ್ಚನ್ನೇ ಆರಿಸಿದವನ ಮೇಲೆ ಹೀಗೆ ಭಾರ ಹೊರಿಸಬಾರದಿತ್ತು.

ಹೊಸತು ಬರುವವರೆಗೆ ಒಲೆಯಲ್ಲಿ ನೀರು ಕಾಯಿಸಿ ನಾನೇ ಚೆಂಬಿನಲ್ಲಿ ಹೆಗಲಿಗೆ ಹೊಯ್ಯುವುದೆಂದು ಒಂದು ದಿನ ಪ್ರಯತ್ನಿಸಿದೆವು. ನಾನು ಅಭಿಷೇಕದ ಶ್ರದ್ಧೆಯಿಂದಲೇ ಹೊಯ್ದೆ. "ಅದು ಕಿವಿ", "ಅದು ಬೆನ್ನು", "ಹೆಗಲು ಎಲ್ಲಿರ್ತದೆ ಅಂತಾದರೂ ಗೊತ್ತುಂಟಾ ನಿಮಗೆ?" ಎಂಬ ಮಂತ್ರಪುಷ್ಪದೊಂದಿಗೆ ಆ ಪೂಜೆ ಅರ್ಧದಲ್ಲೇ ಸಮಾಪ್ತಿಯಾಯಿತು.

ನಮ್ಮ ಕಡೆ ಯಾವ ವಸ್ತುವನ್ನೂ ಅಂಗಡಿಯಲ್ಲಿ ಆಯ್ಕೆ ಮಾಡುವುದಿಲ್ಲ. ಊಟದ ಪಂಕ್ತಿಯಲ್ಲಿ ಆಯ್ಕೆ ಮಾಡುತ್ತೇವೆ. ಆ ವಾರವೇ ಕಡಬದಲ್ಲಿ ಹೆಂಡತಿಯ ಕಡೆಯವರ ಗೃಹಪ್ರವೇಶವಿತ್ತು. ಬಾಳೆಲೆಯ ಮುಂದೆ ಕುಳಿತು, ಪಕ್ಕದಲ್ಲಿದ್ದ ಕಡಬದ ಭಾವನಲ್ಲಿ, ಎಂದರೆ ಅವಳ ಅಣ್ಣನಲ್ಲಿ, ಸಂಗತಿಯನ್ನು ಹೇಳಿದೆ. ಅಷ್ಟೇ ಸಾಕಾಯಿತು.

"ಸೋಲಾರ್ ಹಾಕಿ ಭಾವ. ಒಮ್ಮೆ ಹಾಕಿದ್ರೆ ಮುಗೀತು. ಸೂರ್ಯ ಬಿಲ್ಲು ಕಳಿಸುದಿಲ್ಲ."

"ಮಳೆಗಾಲದಲ್ಲಿ ಎಂತ ಮಾಡುದು?"

"ಮಳೆಗಾಲದಲ್ಲಿ ಅಷ್ಟೆಲ್ಲ ಯಾರು ಮೀಯ್ತಾರೆ ಮಾರಾಯ್ರೆ!"

ಎದುರಿನ ಸಾಲಿನಿಂದ ಪರಿಚಯವೇ ಇಲ್ಲದ ಒಬ್ಬರು, ಸಾರಿಗೆ ಅನ್ನದ ಕಟ್ಟೆ ಕಟ್ಟುತ್ತಾ, "ಕರೆಂಟಿಂದು ಹಾಕಿ" ಎಂದರು. ನಮ್ಮಲ್ಲಿ ಮೋಡ ಕಂಡ ಕೂಡಲೇ ಕರೆಂಟು ಹೋಗುತ್ತದೆ ಎಂದೆ. "ಇರುವಾಗ ಬೇಗ ಬೇಗ ಮಿಂದು ಬಿಡುದಪ್ಪ" ಎಂದರು. ನನ್ನ ಎಡಗಡೆಯವರು ಪಾಯಸದ ಹೊತ್ತಿಗೆ ಗಂಭೀರರಾಗಿ ನನ್ನ ಕಡೆ ಬಾಗಿದರು. "ಗ್ಯಾಸಿಂದೇ ತಕೊಳ್ಳಿ. ಆದ್ರೆ ಬಚ್ಚಲಿನ ಒಳಗೆ ಇಡ್ಬೇಡಿ, ಹೊರಗಿನ ಗೋಡೆಗೆ ಹಾಕಿ. ಒಳಗೆ ಇಟ್ರೆ ಹೊಗೆ ಕಾಣುದಿಲ್ಲ, ವಾಸನೆ ಬರುದಿಲ್ಲ. ಮೀಯ್ಲಿಕ್ಕೆ ಹೋದವ ಮಾತ್ರ ಹೊರಗೆ ಬರುದಿಲ್ಲ." ಇಷ್ಟು ಹೇಳಿ ಎರಡನೆಯ ಸಲ ಪಾಯಸ ಹಾಕಿಸಿಕೊಂಡರು. ಆ ಪಂಕ್ತಿಯಲ್ಲಿ ಸಿಕ್ಕಿದ ಉಪದೇಶಗಳಲ್ಲಿ ಉಪಯೋಗಕ್ಕೆ ಬಂದದ್ದು ಅದೊಂದೇ ಆದ್ದರಿಂದ ಅವರಿಗೆ ನಾನು ಈಗಲೂ ಋಣಿ.

ಮುಂದಿನದ್ದು ಅರ್ಥವಾಗಬೇಕಾದರೆ ನಮ್ಮ ಮನೆಯ ನೀರಿನ ವಿಚಾರ ಸ್ವಲ್ಪ ಹೇಳಬೇಕು. ನಮ್ಮದು ಮಂಡೆಕೋಲಿನ ಕಡೆ. ಕೇರಳದ ಗಡಿಗೆ ತಾಗಿದ ಈ ಗುಡ್ಡಗಳಲ್ಲಿ ಬಾವಿ ತೋಡುವ ಬದಲು ಗುಡ್ಡದ ಹೊಟ್ಟೆಗೆ ಅಡ್ಡಕ್ಕೆ ಸುರಂಗ ಕೊರೆಯುವುದು ರೂಢಿ. ಒಳಗೆ ಒಸರುವ ನೀರು ತಾನಾಗಿಯೇ ಹೊರಗೆ ಬರುತ್ತದೆ. ನಮ್ಮ ಸುರಂಗವನ್ನು ಅಜ್ಜನ ಕಾಲದಲ್ಲಿ ಕೊರೆದದ್ದು. ಅದರ ಬಾಯಲ್ಲಿ ಒಂದು ಸಣ್ಣ ಕಲ್ಲಿನ ತೊಟ್ಟಿ. ಅಲ್ಲಿಂದ ಒಂದು ಪೈಪು ಮನೆಗೆ. ಪಂಪಿಲ್ಲ, ಮಾಡಿನ ಮೇಲೆ ಕಪ್ಪು ಟ್ಯಾಂಕಿ ಇಲ್ಲ. ಇದು ನಮ್ಮ ವಂಶದ ದೊಡ್ಡಸ್ತಿಕೆ. ಮನೆಗೆ ಬಂದವರಿಗೆ ನೀರು ಕೊಟ್ಟು, ಅವರು ಕುಡಿದು ಮುಗಿಸುವ ಮೊದಲೇ "ಕರೆಂಟು ಮುಟ್ಟದ ನೀರು" ಎಂದು ಹೇಳುವುದು ನನ್ನ ಪದ್ಧತಿ.

ಆ ಪೈಪಿನ ಒಂದು ಕವಲು ಬಚ್ಚಲಿಗೆ ಹೋಗುತ್ತದೆ. ಇನ್ನೊಂದರ ತುದಿ ಅಂಗಳದಲ್ಲಿ ಹಗಲೂ ರಾತ್ರಿ ಸುರಿಯುತ್ತಲೇ ಇರುತ್ತದೆ. ಅದಕ್ಕೆ ನಲ್ಲಿ ಇಲ್ಲ. ಹರಿಯುವ ಸುರಂಗದ ನೀರನ್ನು ತಡೆದರೆ ಒರತೆ ಮುನಿದು ಬೇರೆ ದಾರಿ ಹಿಡಿಯುತ್ತದೆ ಎಂದು ಅಪ್ಪ ಹೇಳಿದ್ದರು. ಸುರಿದ ನೀರು ಕಣಿಯಲ್ಲಿ ಹರಿದು ಕೆಳಗಿನ ಮನೆಯಲ್ಲಿರುವ ಅಣ್ಣನ ಅಡಿಕೆ ಸಸಿಗಳಿಗೆ ಹೋಗುತ್ತದೆ. ಯಾರಾದರೂ ಮನೆಗೆ ಬಂದರೆ ಮಾತ್ರ ನಾನು ಆ ಪೈಪಿನ ತುದಿಯನ್ನು ಎತ್ತಿ ಪೇರಳೆ ಮರದ ಕವಲಿಗೆ ಸಿಕ್ಕಿಸುತ್ತೇನೆ. ನೀರು ಆಚೆ ಬದಿಗೆ ಬೀಳುತ್ತದೆ, ಬಂದವರು ಕೆಸರು ತುಳಿಯಬೇಕಾಗಿಲ್ಲ. ಅವರು ಹೋದ ಮೇಲೆ ಇಳಿಸುವುದು. ಇದೂ ಅಪ್ಪನಿಂದ ಬಂದ ಕ್ರಮವೇ. ಮಾಡುತ್ತೇನೆ ಎಂಬುದೇ ನನಗೆ ಗೊತ್ತಾಗದಷ್ಟು ಕೈಗೆ ಅಭ್ಯಾಸವಾಗಿದೆ.

ಪುತ್ತೂರಿನ ಅಂಗಡಿಯಲ್ಲಿ ಗೀಸರುಗಳನ್ನು ಗೋಡೆಗೆ ಸಾಲಾಗಿ ನೇತುಹಾಕಿದ್ದರು, ಹಿರಿಯರ ಫೋಟೋಗಳ ಹಾಗೆ. ಅಂಗಡಿಯವನಿಗೆ ನಮ್ಮ ಅವಸರ ಒಂದೇ ನೋಟಕ್ಕೆ ತಿಳಿಯಿತು.

"ಹಳೆಯದ್ದು ಎಂತ, ಬಾಲ್ದಿಗೆ ಹಿಡಿಯುವುದಾ?"

"ಹೌದು, ಕೆಳಗಿನ ನಲ್ಲಿಗೆ. ಈಗ ಶವರ್ ಬೇಕು, ಇವಳ ಹೆಗಲಿಗೆ."

"ಹಾಗಾದ್ರೆ ಇದು ನೋಡಿ. ಎದುರಿಗೆ ನಂಬ್ರ ಬರ್ತದೆ. ನೀರು ಎಷ್ಟು ಬಿಸಿ ಉಂಟು ಅಂತ ಗೊತ್ತಾಗ್ತದೆ."

"ನಂಬ್ರ ಎಂತಕ್ಕೆ? ನೀರು ಬಿದ್ದಾಗ ನನಗೆ ಗೊತ್ತಾಗುದಿಲ್ವಾ?" ಎಂದಳು ಹೆಂಡತಿ.

"ನಿಮಗೆ ಗೊತ್ತಾಗ್ತದೆ ಅಕ್ಕ. ಹೊರಗೆ ನಿಂತವರಿಗೆ?"

ಹೊರಗೆ ನಿಲ್ಲಬೇಕಾದವನು ನಾನೇ ಆದ್ದರಿಂದ ಅದನ್ನೇ ಆರಿಸಿದೆ. ಆಗ ಅಂಗಡಿಯವನು, ಕೇಳಬೇಕಾದ ಪ್ರಶ್ನೆಯನ್ನು ಸರಿಯಾಗಿಯೇ ಕೇಳಿದ: "ಟ್ಯಾಂಕಿ ಎಷ್ಟು ಎತ್ತರದಲ್ಲಿ ಉಂಟು? ಇದಕ್ಕೆ ನೀರು ಸ್ವಲ್ಪ ಜೋರು ಬರ್ಬೇಕು. ಇಲ್ಲದಿದ್ರೆ ಬೆಂಕಿ ಹಿಡಿಯುದಿಲ್ಲ."

ಟ್ಯಾಂಕಿ! ನನ್ನ ಕುಲಾಭಿಮಾನಕ್ಕೆ ಚುಚ್ಚಿದ ಹಾಗಾಯಿತು. ನಮ್ಮದು ಟ್ಯಾಂಕಿಯ ನೀರಲ್ಲ, ಗುಡ್ಡೆಯ ಸುರಂಗದ ನೀರು, ಅಜ್ಜನ ಕಾಲದ್ದು, ಕರೆಂಟು ಮುಟ್ಟದ್ದು ಎಂದು ವಿವರವಾಗಿ ಹೇಳಿದೆ.

"ಗುಡ್ಡೆಯಿಂದ ಬರುದಾ? ಹಾಗಾದ್ರೆ ಬಿಡಿ, ಪ್ರೆಶರಿಗೆ ಎಂತದ್ದೂ ತೊಂದರೆ ಇಲ್ಲ."

"ಇಲ್ಲವೇ ಇಲ್ಲ" ಎಂದೆ, ಹಿಮಾಲಯದ ಪಾದದಲ್ಲಿ ಮನೆಯಿದ್ದವನಂತೆ.

ಹೊಸ ಗೀಸರನ್ನು ಕೂರಿಸಲು ಅಂಗಡಿಯ ಫಿಟ್ಟರು ಬೈಕಿನಲ್ಲಿ ಬಂದ. ನಾನು ಪೈಪನ್ನು ಪೇರಳೆ ಮರಕ್ಕೆ ಸಿಕ್ಕಿಸಿ, "ಬನ್ನಿ ಬನ್ನಿ" ಎಂದು ಸ್ವಾಗತಿಸಿದೆ. ಬಚ್ಚಲಿನ ಹೊರಗೋಡೆಯಲ್ಲಿ, ಮಾಡಿನ ನೆರಳಿನಲ್ಲಿ ಅವನು ಗೀಸರನ್ನು ಕೂರಿಸಿದ. ಒಳಗೆ ಶವರ್ ಜೋಡಿಸಿ ತಿರುಗಿಸಿದ. ಗೀಸರಿನ ಹೊಟ್ಟೆಯಲ್ಲಿ 'ಟಿಕ್ ಟಿಕ್' ಎಂದಿತು, ಆಮೇಲೆ 'ದಬ್'. ಸಣ್ಣ ಕಿಂಡಿಯಲ್ಲಿ ನೀಲಿ ಜ್ವಾಲೆಯ ದರ್ಶನವಾಯಿತು. ನಂಬ್ರ ಮೂವತ್ತು ದಾಟಿತು, ನಲವತ್ತು ದಾಟಿತು. ಹೆಂಡತಿ ನೀರಿಗೆ ಎಡಗೈ ಹಿಡಿದು ನೋಡಿ, ಹಲವು ವಾರಗಳ ನಂತರ ಮೊದಲ ಸಲ ನಕ್ಕಳು. ಫಿಟ್ಟರು ನಮ್ಮಿಬ್ಬರನ್ನೂ ಗೀಸರಿನ ಪಕ್ಕ ನಿಲ್ಲಿಸಿ ಅಂಗಡಿಗೆ ತೋರಿಸಲು ಒಂದು ಫೋಟೋ ಹೊಡೆದು, ಶರಬತ್ತು ಕುಡಿದು ಹೋದ. ನಾನು ಪೈಪು ಇಳಿಸಿದೆ.

ಮರುದಿನ ಬೆಳಿಗ್ಗೆ ಅವಳು ಒಳಗೆ, ನಾನು ಹೊರಗೆ, ನಡುವೆ ಗೋಡೆ.

"ಹಾಕಿದ್ರಾ?"

"ಗ್ಯಾಸು ಹಾಕಿದೆ. ನೀನು ನೀರು ಬಿಟ್ಟಿಯಾ?"

"ಬಿಟ್ಟು ಆಗ್ಲೇ ಆಯ್ತು. ಎಷ್ಟುಂಟು ನಂಬ್ರ?"

"ಇಪ್ಪತ್ತನಾಲ್ಕು."

"ಅದು ನೀರಿಂದಾ, ನಿಮ್ಮ ಬುದ್ಧಿದಾ?"

ಮುಂದಿನ ಹಲವು ಬೆಳಿಗ್ಗೆಗಳು ಹೀಗೆಯೇ ಉದಯಿಸಿದವು. ನಾನು ಕಿಂಡಿಗೆ ಕಣ್ಣಿಟ್ಟು ಜ್ವಾಲೆಗಾಗಿ ಕಾಯುವುದು, ಜ್ವಾಲೆ ಬಾರದಿರುವುದು, ಒಳಗಿನಿಂದ ವಂಶಾವಳಿಯ ಸಮೇತ ನನ್ನ ಪ್ರವರ ಕೇಳಿಬರುವುದು. ಫಿಟ್ಟರಿಗೆ ಫೋನು ಮಾಡಿದೆ. ಅವನು ಬಂದ, ಪೈಪು ಮರಕ್ಕೇರಿತು, ಗೀಸರು 'ದಬ್' ಎಂದಿತು. "ನೋಡಿ, ಬರ್ತಾ ಉಂಟಲ್ಲ" ಎಂದ. ಹೋದ. ಮರುದಿನ ಇಪ್ಪತ್ತನಾಲ್ಕು. ಪುನಃ ಕರೆಸಿದೆ. ಪುನಃ 'ದಬ್'. ಅಷ್ಟು ಹೊತ್ತಿಗೆ ಅವನಿಗೆ ನಮ್ಮ ಮೇಲೆಯೇ ಅನುಮಾನ ಹುಟ್ಟಿತ್ತು. ಒಳಗಿನ ಎರಡು ದಪ್ಪ ಸೆಲ್ಲುಗಳನ್ನು ಬದಲಿಸಿ, ನನ್ನನ್ನು ಬದಿಗೆ ಕರೆದು ಮೆತ್ತಗೆ ಹೇಳಿದ: "ಮನೆಯವರು ನಲ್ಲಿಯನ್ನು ಸ್ವಲ್ಪ ಪ್ರೀತಿಯಲ್ಲಿ ತಿರುಗಿಸ್ಬೇಕು ಸರ್. ಸಿಟ್ಟಲ್ಲಿ ತಿರುಗಿಸಿದ್ರೆ ಕೆಲವು ಸಲ ಹಿಡಿಯುದಿಲ್ಲ."

ಅದು ಅಡುಗೆಮನೆಗೆ ಕೇಳಿಸಿತು. ಅವನಿಗೆ ಆ ದಿನ ಶರಬತ್ತು ಸಿಗಲಿಲ್ಲ.

ಕಡಬದ ಭಾವ ದಿನಕ್ಕೊಮ್ಮೆ ಫೋನು ಮಾಡತೊಡಗಿದ. ತಂಗಿಯ ಹೆಗಲು ಹೇಗುಂಟು ಎಂದು ಕೇಳುವುದು ನೆಪ. "ಇವತ್ತು ಇಲ್ಲಿ ಎಂತಾ ಬಿಸಿಲು ಗೊತ್ತುಂಟಾ ಭಾವ? ಸೋಲಾರಿನ ನೀರು ಮುಟ್ಲಿಕ್ಕೆ ಸಾಧ್ಯ ಇಲ್ಲ!" ಎನ್ನುವುದು ನಿಜವಾದ ಉದ್ದೇಶ. ಕೆಳಗಿನ ಮನೆಯಿಂದ ಅಣ್ಣನೂ ಒಂದು ಸಂಜೆ ಹತ್ತಿ ಬಂದು, ಗೀಸರಿನ ಸುತ್ತ ಕೈಕಟ್ಟಿ ಅರ್ಧ ಪ್ರದಕ್ಷಿಣೆ ಮಾಡಿ, "ಇದಕ್ಕೆ ಮುಖ ಪಡುವಣಕ್ಕೆ ಆಗಿದೆ" ಎಂದು ತೀರ್ಪು ಕೊಟ್ಟು ಇಳಿದು ಹೋದ.

ಇದೆಲ್ಲ ನಗೆಯ ಸಂಗತಿಯಾಗಿ ಉಳಿಯುತ್ತಿತ್ತು, ಹೆಗಲು ನಮಗಾಗಿ ಕಾಯುತ್ತಿದ್ದರೆ. ಅದು ಕಾಯುತ್ತಿರಲಿಲ್ಲ. ಡಾಕ್ಟರು ಹೇಳಿಕೊಟ್ಟ ವ್ಯಾಯಾಮದಲ್ಲಿ, ಗೋಡೆಗೆ ಮುಖ ಮಾಡಿ ನಿಂತು ಬೆರಳುಗಳನ್ನು ಹುಳು ಹತ್ತುವ ಹಾಗೆ ಮೇಲೆ ಹತ್ತಿಸಬೇಕು. ನಮ್ಮ ಚಾವಡಿಯ ಗೋಡೆಯಲ್ಲಿ ಒಂದು ಕ್ಯಾಲೆಂಡರು ನೇತಾಡುತ್ತದೆ. ಅವಳ ಬೆರಳು ಆ ಕ್ಯಾಲೆಂಡರಿನ ಕೆಳ ಅಂಚಿಗೆ ಬಂದು ನಿಲ್ಲುತ್ತಿತ್ತು. ಹಲ್ಲು ಕಚ್ಚಿ ಇನ್ನೊಂದು ಗೆರೆ ಹತ್ತಿಸಲು ನೋಡುತ್ತಿದ್ದಳು, ಮುಖ ಬಿಳುಚಿಕೊಳ್ಳುತ್ತಿತ್ತು, ಬೆರಳು ಜಾರುತ್ತಿತ್ತು. ಬಿಸಿ ತಾಗದ ಹೆಗಲು ಬಾಗಿಲಿಗೆ ಬೆಣೆ ಹೊಡೆದ ಹಾಗೆ ಕುಳಿತಿತ್ತು. ಎರಡು ತಿಂಗಳ ಗಡುವಿನಲ್ಲಿ ಒಂದು ತಿಂಗಳು ಗೀಸರಿನ ಪರೀಕ್ಷೆಗಳಲ್ಲೇ ಮುಗಿಯುತ್ತ ಬಂದಿತ್ತು. ಒಂದು ದಿನ ಅವಳು ಬೈಯಲಿಲ್ಲ. ತಣ್ಣೀರು ಮಿಂದು ಸುಮ್ಮನೆ ಹೊರಗೆ ಬಂದು, "ಮತ್ತು ಕೊಟ್ರೆ ನೋವು ಗೊತ್ತಾಗುದಿಲ್ಲ ಅಲ್ವಾ?" ಎಂದು ಕೇಳಿದಳು. ಬೈಗುಳವೇ ಎಷ್ಟೋ ವಾಸಿ ಎಂದು ನನಗೆ ಆ ದಿನ ಅನ್ನಿಸಿತು.

ಅದಾದ ಮರುದಿನ ಬೆಳಿಗ್ಗೆ ಅವಳು ಬಚ್ಚಲಿನಲ್ಲಿರುವಾಗಲೇ ಅರಂತೋಡಿನ ಕಡೆಯ ಗಂಡ ಹೆಂಡತಿ ತಮ್ಮ ಮಗಳ ಮದುವೆಗೆ ಕರೆಯಲು ಬಂದರು. ಜೀಪಿನ ಸದ್ದು ಕೇಳಿದ ಕೂಡಲೇ ನನ್ನ ಕೈ ತನ್ನಷ್ಟಕ್ಕೆ ಪೈಪನ್ನು ಎತ್ತಿ ಮರಕ್ಕೆ ಸಿಕ್ಕಿಸಿತು. ಬನ್ನಿ ಎಂದೆ, ಕೂರಿಸಿದೆ, ನೀರು ಬೆಲ್ಲ ತಂದಿಟ್ಟೆ. ಅವರು ಮಂತ್ರಾಕ್ಷತೆ, ಕಾಗದ ಕೈಗೆ ಕೊಡುತ್ತಿದ್ದಾರೆ, ಬಚ್ಚಲಿನಿಂದ ಒಂದು ಬೊಬ್ಬೆ ಬಂತು.

"ಬಿಸಿ! ಬಿಸಿ ಬಂತು!"

ಅರಂತೋಡಿನವರು ಗಾಬರಿಯಾದರು. "ಯಾರಿಗೆ ಎಂತ ಆಯ್ತು ಮಾರಾಯ್ರೆ?"

"ಎಂತ ಇಲ್ಲ, ನನ್ನ ಹೆಂಡತಿ. ನೀರು ಬಿಸಿ ಬಂತಂತೆ."

"ಹಾಂ," ಎಂದರು ಅವರು. ಬಿಸಿನೀರಿಗೆ ಇಷ್ಟು ಹರ್ಷಪಡುವ ಮನೆಗೆ ತಾವು ಮದುವೆಗೆ ಕರೆಯಲು ಬಂದದ್ದು ಸರಿಯೇ ಎಂಬ ಭಾವ ಅವರ ಹೆಂಡತಿಯ ಮುಖದಲ್ಲಿ ಕಂಡಿತು. ಇನ್ನೂ ಹಲವು ಮನೆಗಳಿಗೆ ಹೋಗಲಿಕ್ಕುಂಟು ಎಂದು ಎದ್ದರು. ಬೀಳ್ಕೊಟ್ಟು ಪೈಪು ಇಳಿಸಿದೆ. ಅವರ ಜೀಪು ತಿರುವು ದಾಟುವ ಮೊದಲೇ ಬಚ್ಚಲಿನಿಂದ ಎರಡನೆಯ ಬೊಬ್ಬೆ ಬಂತು, ಈ ಸಲ ಹರ್ಷದ್ದಲ್ಲ.

ಹೆಂಡತಿ ತಲೆಗೆ ಬೈರಾಸು ಸುತ್ತಿಕೊಂಡು ನೇರ ಅಂಗಳಕ್ಕೆ ಬಂದಳು.

"ಫಿಟ್ಟರು ಬಂದಾಗ ಬಿಸಿ. ಈಗ ಇವರು ಬಂದಾಗ ಬಿಸಿ. ನಾವಿಬ್ಬರೇ ಇದ್ರೆ ತಣ್ಣೀರು. ಇದು ಎಂತ ಕಥೆ?"

"ಕೆಲವರು ಹಾಗೆ. ನೆಂಟರ ಎದುರು ಮಾತ್ರ ಒಳ್ಳೆಯವರಾಗಿರ್ತಾರೆ" ಎಂದೆ.

"ಅದು ನೀವು. ಗೀಸರಿನ ವಿಷಯ ಹೇಳಿ. ಅವರು ಬಂದಾಗ ನೀವು ಎಂತೆಲ್ಲ ಮಾಡಿದ್ದು?"

"ಬನ್ನಿ ಅಂತ ಹೇಳಿದೆ. ಕೂರಿಸಿದೆ. ನೀರು ಕೊಟ್ಟೆ."

"ಇನ್ನೊಮ್ಮೆ ಮಾಡಿ. ಯಾರೋ ಬಂದಿದ್ದಾರೆ ಅಂತ ಎಣಿಸಿ, ಮೊದಲಿಂದ ಕೊನೆಯವರೆಗೆ. ಒಂದೂ ಬಿಡ್ಬೇಡಿ. ನಾನು ಶವರ್ ಬಿಟ್ಟು ನಿಲ್ತೇನೆ."

ಈ ವಯಸ್ಸಿನಲ್ಲಿ ನಾನು ಖಾಲಿ ಅಂಗಳದಲ್ಲಿ ನಿಂತು, ಯಾರೂ ಇಲ್ಲದ ಕಡೆಗೆ ಕೈಜೋಡಿಸಿ, "ಬನ್ನಿ ಬನ್ನಿ, ಎಷ್ಟು ಸಮಯ ಆಯ್ತು ಕಾಣದೆ" ಎಂದೆ. ಖಾಲಿ ಕುರ್ಚಿಯನ್ನು ಒರೆಸಿದೆ. ಏನೂ ಆಗಲಿಲ್ಲ. "ಎಲ್ಲ ಮಾಡಿದ್ರಾ?" ಎಂದು ಒಳಗಿನಿಂದ ಕೇಳಿತು. ಆಗ ಇಲ್ಲದ ಅತಿಥಿಯ ಕಾಲು ಕೆಸರಾಗುತ್ತಿರುವುದು ನನ್ನ ಗಮನಕ್ಕೆ ಬಂದು ಪೈಪನ್ನು ಎತ್ತಿ ಮರಕ್ಕೆ ಸಿಕ್ಕಿಸಿದೆ.

ಟಿಕ್ ಟಿಕ್. ದಬ್.

ಆಮೇಲೆ ನೋಡಿದರೆ ವಿಷಯ ಸರಳ. ಗುಡ್ಡ ಎಷ್ಟೇ ದೊಡ್ಡದಿರಲಿ, ನಮ್ಮ ಸುರಂಗದ ಬಾಯಿ ಇರುವುದು ಅದರ ಬುಡದಲ್ಲಿ, ಶವರಿಗಿಂತ ಸ್ವಲ್ಪವೇ ಮೇಲೆ. ಅಂಗಳದಲ್ಲಿ ತಗ್ಗಿನ ದಾರಿ ತೆರೆದಿರುವಾಗ ನೀರು ಶವರಿಗೆ ಹತ್ತುವ ಕಷ್ಟ ಏಕೆ ತೆಗೆದುಕೊಳ್ಳುತ್ತದೆ? ಹಳೆಯ ಗೀಸರಿಗೆ ಕೆಳಗಿನ ನಲ್ಲಿಯಾದ್ದರಿಂದ ಸಾಕಾಗುತ್ತಿತ್ತು. ಅಂಗಳದ ತುದಿಯನ್ನು ಎತ್ತಿ ಮರಕ್ಕೆ ಹಾಕಿದಾಗ ಮಾತ್ರ ಬಚ್ಚಲಿನ ಕಡೆಗೆ ಬೆಂಕಿ ಹಿಡಿಯುವಷ್ಟು ಜೋರು ಸಿಗುತ್ತದೆ. ಹಾಗಾದರೆ ದಿನಾ ಬೆಳಿಗ್ಗೆ ಕಾಲು ಗಂಟೆ ಪೈಪು ಮರದಲ್ಲಿರಲಿ, ಮುಗಿಯಿತು ಎಂದುಕೊಂಡೆವು. ಅದು ಮುಗಿಯಲಿಲ್ಲ, ಏಕೆಂದರೆ ನನಗೊಬ್ಬ ಅಣ್ಣ ಇದ್ದಾನೆ.

ಎರಡೇ ದಿನದಲ್ಲಿ ಅಣ್ಣ ಮೇಲೆ ಹತ್ತಿ ಬಂದ. ಪೈಪು ಮರದಲ್ಲಿತ್ತು, ಗೀಸರು ಉರಿಯುತ್ತಿತ್ತು.

"ನನ್ನ ಕಣಿಗೆ ನೀರು ಬರುದಿಲ್ಲ. ಎಂತ ಮಾಡಿದ್ದು ನೀನು?"

ಹೇಳಿದೆ.

"ಅಪ್ಪ ಎಂತ ಹೇಳಿದ್ದು? ಹರಿವ ನೀರಿಗೆ ತಡೆ ಹಾಕ್ಬಾರ್ದು ಅಂತ ಹೇಳಿದ್ದಲ್ವಾ?"

"ತಡೆ ಹಾಕ್ಲಿಲ್ಲ ಅಣ್ಣ. ಎತ್ತಿದ್ದು ಅಷ್ಟೇ. ಹರಿತಾ ಉಂಟು ನೋಡು."

"ಎತ್ತುದು ಅಂದ್ರೆ ಅರ್ಧ ತಡೆದ ಹಾಗೆ. ನಾಳೆ ಒರತೆ ಆಚೆ ಗುಡ್ಡೆಗೆ ಹೋದ್ರೆ ಯಾರು ಜವಾಬ್ದಾರಿ?"

ಎತ್ತುವುದು ತಡೆಯುವುದಾಗುತ್ತದೆಯೇ ಎಂಬ ಬಗ್ಗೆ ಅಂಗಳದಲ್ಲಿ ಪಂಡಿತರ ಸಭೆಯ ಹಾಗೆ ಒಂದು ವಾಕ್ಯಾರ್ಥವೇ ನಡೆಯಿತು. ಅತಿಥಿಗಳು ಬಂದಾಗ ಅಪ್ಪನೇ ಎತ್ತುತ್ತಿದ್ದರಲ್ಲ ಎಂದು ನಾನು ದೃಷ್ಟಾಂತ ಕೊಟ್ಟೆ. "ಅದು ಮರ್ಯಾದೆಗೆ. ಮರ್ಯಾದೆಗೆ ಎತ್ತಿದ್ರೆ ಗುಡ್ಡೆಗೂ ಗೊತ್ತಾಗ್ತದೆ. ನೀನು ಎತ್ತುದು ಸುಖಕ್ಕೆ" ಎಂದು ಅವನು ಖಂಡಿಸಿದ. ಹಾಗಾದರೆ ಒಂದು ಟ್ಯಾಂಕಿ, ಒಂದು ಸಣ್ಣ ಪಂಪು ಇಡುತ್ತೇನೆ ಎಂದೆ. ಅವನು ಎದೆ ಮುಟ್ಟಿಕೊಂಡ. "ಸುರಂಗದ ನೀರಿಗೆ ಕರೆಂಟಾ!" ಈ ವಿಷಯದಲ್ಲಿ ಮಾತ್ರ ನಾನೂ ಅದೇ ಮತದವನು. ಅವನು ಪೈಪನ್ನು ಇಳಿಸಿಯೇ ಬಿಟ್ಟ. ಬಚ್ಚಲಿನಿಂದ ಬೊಬ್ಬೆ ಬಂತು.

ಹೆಂಡತಿ ಹೊರಗೆ ಬಂದಳು. ಅಣ್ಣನ ಎದುರು ಅವಳು ಸ್ವರ ಎತ್ತಿದವಳಲ್ಲ. ಆ ದಿನವೂ ಎತ್ತಲಿಲ್ಲ. ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಮೆಟ್ಟಿಲ ಮೇಲೆ ನಿಂತು ಹೇಳಿದಳು:

"ಭಾವ, ನಿಮ್ಮ ಮಾತು ಸರಿ. ಅತಿಥಿ ಬಾರದೆ ಪೈಪು ಎತ್ತಬಾರ್ದು. ಹಾಗಾಗಿ ನಾಳೆಯಿಂದ ದಿನಾ ಏಳು ಗಂಟೆಗೆ ನೀವು ನಮ್ಮಲ್ಲಿಗೆ ಬನ್ನಿ. ಚಾ ಕುಡಿದು ಹೋಗಿ."

ಅಣ್ಣ ನನ್ನನ್ನು ನೋಡಿದ. ನಾನು ಪೇರಳೆ ಮರವನ್ನು ನೋಡಿದೆ.

"ನಾನು ಅತಿಥಿ ಹೇಗೆ? ನಾನು ಹುಟ್ಟಿದ್ದೇ ಈ ಮನೆಯಲ್ಲಿ."

"ಪಾಲಾಗಿ ಎಷ್ಟು ವರ್ಷ ಆಯ್ತು? ಒಮ್ಮೆಯಾದ್ರೂ ಚಾ ಕುಡೀಲಿಕ್ಕೆ ಅಂತ ಬಂದಿದ್ದೀರಾ? ಜಗಳಕ್ಕೆ ಬರುದು ಬಿಟ್ರೆ?" ಅವಳು ಹಿಡಿದ ಕೈಯನ್ನು ತೋರಿಸಿ, "ಇಲ್ಲದಿದ್ರೆ ನನಗೆ ಮತ್ತು ಕೊಟ್ಟು ಕೈ ತಿರುಗಿಸ್ತಾರೆ ಭಾವ" ಎಂದಳು.

ಅಣ್ಣ ಕೆಮ್ಮಿದ. ಶಾಸ್ತ್ರ ಒಂದು ಕಡೆ, ತಮ್ಮನ ಹೆಂಡತಿಯ ಹೆಗಲು ಇನ್ನೊಂದು ಕಡೆ. ಆದರೆ ಅವಳು ಶಾಸ್ತ್ರವನ್ನು ಮುರಿಯದ ದಾರಿ ತೋರಿಸಿದ್ದಳು. ಅವನು ಅಂಗಳದ ಕೆಸರು ನೋಡುತ್ತಾ, "ಸಕ್ಕರೆ ಕಡಿಮೆ ಹಾಕ್ಬೇಕು" ಎಂದ.

ಮರುದಿನದಿಂದ ಅಣ್ಣ ಅತಿಥಿಯಾದ. ಬೆಳಿಗ್ಗೆ ಏಳಕ್ಕೆ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಬರುತ್ತಿದ್ದ. ಅಂಗಳದ ಬಾಯಿಯಲ್ಲಿ ನಿಂತು, ಪೈಪು ಮರಕ್ಕೇರುವವರೆಗೆ ಒಳಗೆ ಕಾಲಿಡುತ್ತಿರಲಿಲ್ಲ. ನಾನು 'ಬನ್ನಿ' ಎನ್ನಬೇಕು, ಅಣ್ಣನಿಗೆ ಬಹುವಚನದಲ್ಲಿ. ಮೊದಲ ದಿನ 'ಬಾ' ಎಂದದ್ದಕ್ಕೆ ಅಲ್ಲೇ ನಿಂತಿದ್ದ. ಹೆಂಡತಿ ಬಚ್ಚಲಿಗೆ ಹೋಗುವ ಮೊದಲೇ ಚಾ ಮಾಡಿ ಮುಚ್ಚಿಟ್ಟಿರುತ್ತಿದ್ದಳು. ಕೊಡುವುದು ನನ್ನ ಕೆಲಸ. ಕೆಲವೇ ದಿನಗಳಲ್ಲಿ ಚಾದ ಜೊತೆ ಅವಲಕ್ಕಿ ಬೇಕಾಯಿತು. ಅವಲಕ್ಕಿಗೆ ಒಗ್ಗರಣೆ ಬೇಕಾಯಿತು. ಪೇಪರು ಬಂದಿದ್ದರೆ ಮೊದಲು ಅವನು ಓದಬೇಕು, ಗಟ್ಟಿಯಾಗಿ, ಪ್ರತಿಯೊಂದು ಸುದ್ದಿಗೂ "ನಾನು ಆಗಲೇ ಹೇಳಿದ್ದೆ" ಎಂಬ ಭಾಷ್ಯದ ಸಮೇತ. ಪಾಲಿನ ಕಾಲದಲ್ಲಿ ನನಗೆ ಹೆಚ್ಚು ಬಂತು ಎಂದು ಅವನು ನಂಬಿರುವ ಒಂದು ತೆಂಗಿನ ಮರ ನಮ್ಮ ಅಂಗಳದಿಂದ ಕಾಣುತ್ತದೆ. ಅದನ್ನು ಒಮ್ಮೆ ನೋಡಿ ನಿಟ್ಟುಸಿರು ಬಿಡದೆ ಅವನು ಏಳುತ್ತಿರಲಿಲ್ಲ. ಕಾಲು ಗಂಟೆ ಇಷ್ಟು ಉದ್ದವಿರುತ್ತದೆ ಎಂದು ನನಗೆ ಅದುವರೆಗೆ ತಿಳಿದಿರಲಿಲ್ಲ. ನಾನು ಆರಿಸಬೇಕಾಗಿದ್ದದ್ದು ಒಂದು ಗೀಸರು. ನನಗೆ ಸಿಕ್ಕಿದ್ದು ಒಬ್ಬ ಅಣ್ಣ, ಪ್ರತಿದಿನ, ಮನೆ ಬಾಗಿಲಿಗೆ.

ಗೋಡೆಯ ಇತ್ತ ಅವನ ಭಾಷ್ಯ, ಅತ್ತ ಬಿಸಿನೀರು ಬೀಳುವ ಸದ್ದು. ಅವನು ಏಳಲು ಹೊರಟರೆ ಬಚ್ಚಲಿನಿಂದ, "ಭಾವ, ಮತ್ತೆ ಆ ವಿಷಯ ಎಂತಾಯ್ತು?" ಎಂದು ಸ್ವರ ಬರುತ್ತಿತ್ತು. ಯಾವ ವಿಷಯ ಎಂದು ಅವನೆಂದೂ ಕೇಳಲಿಲ್ಲ, ಕೂತು ಹೇಳತೊಡಗುತ್ತಿದ್ದ. ಚಾವಡಿಯ ಗೋಡೆಯಲ್ಲಿ ಅವಳ ಬೆರಳು ಕ್ಯಾಲೆಂಡರಿನ ಅಂಚು ಬಿಟ್ಟು ತಾರೀಕುಗಳೊಳಗೆ ಹೊಕ್ಕಿತು. ಒಂದೊಂದು ಸಾಲಿಗೂ ಅವಳು ಕೂಗಿ ಹೇಳುತ್ತಿದ್ದಳು, ನಾನು ಒಳಗೆ ಹೋಗಿ ನೋಡಿ ಬರಬೇಕು, ಹೊರಗೆ ಬಂದು ಅತಿಥಿಗೆ ವರದಿ ಒಪ್ಪಿಸಬೇಕು. "ಒರತೆಗೆ ಎಂತ ತೊಂದರೆ ಕಾಣುದಿಲ್ಲ" ಎಂದು ಅವನೂ ತನ್ನ ಕಡೆಯ ವರದಿ ಕೊಡುತ್ತಿದ್ದ.

ಗಡುವಿನ ದಿನ ಡಾಕ್ಟರು ಅವಳ ಕೈಯನ್ನು ಎತ್ತಿ ನೋಡಿದರು. ಕೈ ಕಿವಿಯ ಹತ್ತಿರ ಬಂತು, ತಾಗಲಿಲ್ಲ. "ತಿರುಗಿಸುದು ಬೇಡ. ಇದನ್ನೇ ಮುಂದುವರಿಸಿ" ಎಂದರು. ಅವಳು ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾತಾಡಿದಳು. 'ಮುಂದುವರಿಸಿ' ಎಂಬ ಶಬ್ದದಲ್ಲಿ ಅಣ್ಣನೂ ಸೇರಿದ್ದಾನೆ ಎಂದು ನಾನು ಮನಸ್ಸಿನಲ್ಲೇ ಲೆಕ್ಕಹಾಕಿದೆ.

ಮಳೆ ಮುಗಿದು, ಬೆಳಗ್ಗೆ ಮಂಜು ಬೀಳತೊಡಗಿದ ಮೇಲಿನ ಒಂದು ದಿನ. ಅಣ್ಣ ಚಾವಡಿಯಲ್ಲಿ ಕುಳಿತು ನನಗೆ ಸೊಸೈಟಿ ಚುನಾವಣೆಯ ಒಳಮರ್ಮ ತಿಳಿಸುತ್ತಿದ್ದ. ಅಂದು ಅಣ್ಣ ಬಂದ ಕೂಡಲೇ ಬಚ್ಚಲಿಗೆ ಹೋಗಿ ಅವಳು ಬೇಗ ಮಿಂದು ಮುಗಿಸಿದ್ದಳು, ಚಾ ಅವಳೇ ತಂದಳು. ಕುದಿಯುತ್ತಿದೆ ಎಂದು ಅಣ್ಣ ಮುಖ ಸಿಂಡರಿಸಿದ. ಅವಳು ಇನ್ನೊಂದು ಲೋಟ ತಂದು, ಎಡಗೈಯ ಲೋಟವನ್ನು ಕೆಳಗೆ ಹಿಡಿದು, ಬಲಗೈಯ ಲೋಟವನ್ನು ತಲೆಗಿಂತಲೂ ಮೇಲಕ್ಕೆ ಎತ್ತಿ ಚಾ ಹೊಯ್ದಳು. ಹೊಟೇಲಿನವರು ಹೊಯ್ಯುವ ಹಾಗೆ, ಒಂದು ಹನಿ ಚೆಲ್ಲದೆ. ಇನ್ನೊಮ್ಮೆ ಹೊಯ್ದಳು. ಮತ್ತೂ ಒಮ್ಮೆ ಹೊಯ್ದಳು. ಅದು ಚಾದ ಸಲುವಾಗಿ ಅಲ್ಲ. ಕೈ ಕಿವಿಯನ್ನು ಉಜ್ಜಿಕೊಂಡು ನೆಟ್ಟಗೆ ಮೇಲೆ ಹೋಗಿ ನಿಂತಿತ್ತು. ನಾನು ಸೊಸೈಟಿ ಚುನಾವಣೆಯನ್ನು ಮರೆತು ಆ ಕೈಯನ್ನೇ ನೋಡಿದೆ.

ಅಣ್ಣ ಲೋಟ ತೆಗೆದುಕೊಂಡು ಒಂದು ಗುಟುಕು ಕುಡಿದ.

"ಪೂರಾ ಆರಿ ಹೋಯ್ತು" ಎಂದ. "ಒಮ್ಮೆ ಬಿಸಿ ಮಾಡಿ ತಾ."

ಹೇಳಿದ್ದು ನನಗೆ. ಲೋಟ ಹಿಡಿದುಕೊಂಡು ಅಡುಗೆಮನೆಗೆ ಹೋದೆ.